ಟರ್ಬೊ ಪಿಕಪ್ಪಿನ ಎಣ್ಣೆಗೆ ಆಯುಸ್ಸೆಷ್ಟು?

ಸರಕು ಹೊರುವ ಪಿಕಪ್ ಗಾಡಿಯೊಂದನ್ನು ಕೊಂಡವನು, ಅದರ ಮೊದಲ ಸರ್ವೀಸು ಮುಗಿಯುವ ಹೊತ್ತಿಗೆ ತಪ್ಪದೆ ಕೇಳುವ ಪ್ರಶ್ನೆಯೊಂದುಂಟು: ಎಂಜಿನ್ ಆಯಿಲನ್ನು ಎಷ್ಟು ಕಿಲೋಮೀಟರಿಗೊಮ್ಮೆ ಬದಲಿಸಬೇಕು? ಪ್ರಶ್ನೆ ಸರಳವಾದುದು, ಉತ್ತರ ಮಾತ್ರ ಕೇಳಿದ ಬಾಗಿಲಿಗೊಂದು ಬಗೆ. ಊರ ಗ್ಯಾರೇಜಿನ ಹಿರಿಯ ಮೇಸ್ತ್ರಿ ಐದು ಸಾವಿರವೆಂದು ಖಂಡಿತವಾಗಿ ನುಡಿಯುತ್ತಾನೆ. ಸರ್ವೀಸ್ ಸೆಂಟರಿನ ಮೇಜಿನ ಹಿಂದೆ ಕುಳಿತವರು ಪುಸ್ತಕ ತೆರೆದು ಹತ್ತು ಸಾವಿರವೆಂದೋ ಅದಕ್ಕೂ ಮಿಗಿಲೆಂದೋ ತೋರಿಸುತ್ತಾರೆ. ಎಣ್ಣೆ ಮಾರುವ ಅಂಗಡಿಯವನು ಸಿಂಥೆಟಿಕ್ ಡಬ್ಬಿಯೊಂದನ್ನು ಮುಂದಿಟ್ಟು ಇನ್ನೂ ದೊಡ್ಡ ಅಂಕಿಯ ಆಸೆ ಹುಟ್ಟಿಸುತ್ತಾನೆ. ಇವರಲ್ಲಿ ಯಾರೊಬ್ಬರೂ ಸುಳ್ಳಾಡುತ್ತಿಲ್ಲವೆಂಬುದೇ ಈ ವಿಷಯದ ಸ್ವಾರಸ್ಯ. ಯಾರೊಬ್ಬರ ಮಾತೂ ಎಲ್ಲ ಗಾಡಿಗಳಿಗೂ ಸಲ್ಲದೆಂಬುದೇ ಅದರ ತೊಡಕು.

ಈ ಭಿನ್ನಾಭಿಪ್ರಾಯ ನಮ್ಮಲ್ಲಿ ಮಾತ್ರ ಇರುವುದೆಂದು ತಿಳಿಯಬೇಕಾಗಿಲ್ಲ. ಆಸ್ಟ್ರೇಲಿಯದಲ್ಲಿ ಟೊಯೊಟ ಸಂಸ್ಥೆ ತನ್ನ ಹೈಲಕ್ಸ್ ಡೀಸೆಲ್ ಪಿಕಪ್ಪಿಗೆ 10,000 ಕಿಲೋಮೀಟರು ಅಥವಾ ಆರು ತಿಂಗಳ ಅವಧಿಯನ್ನು ಗೊತ್ತುಮಾಡಿದರೆ, ಅದೇ ರಸ್ತೆಗಳಲ್ಲಿ ಅದೇ ಬಗೆಯ ಹೊರೆ ಹೊತ್ತು ಟರ್ಬೊ ಡೀಸೆಲ್ಲಿನ ಬಲದಿಂದಲೇ ಓಡುವ ರೇಂಜರ್ ಪಿಕಪ್ಪಿಗೆ ಫೋರ್ಡ್ ಸಂಸ್ಥೆ 15,000 ಕಿಲೋಮೀಟರು ಅಥವಾ ಒಂದು ವರ್ಷವನ್ನು ಗೊತ್ತುಮಾಡಿತು. ಬಲ್ಲವರ ಅಂಕಿಗಳಲ್ಲಿಯೇ ಇಷ್ಟು ಅಂತರವಿರುವಾಗ, ಅಂಕಿಯನ್ನು ಬಾಯಿಪಾಠ ಮಾಡುವುದಕ್ಕಿಂತ ಅದರ ಹಿಂದಣ ಕಾರಣವನ್ನು ಅರಿಯುವುದು ಲೇಸು. ಎಣ್ಣೆ ಮುಪ್ಪಾಗುವುದು ತಾನು ಪಟ್ಟ ಕಾವಿನಿಂದ, ನುಂಗಿದ ಮಸಿಯಿಂದ, ದುಡಿದ ಗಂಟೆಗಳಿಂದ. ಗಾಡಿ ನಡೆದ ದೂರವೆಂಬುದು ಇವೆಲ್ಲವನ್ನೂ ಒಟ್ಟಾಗಿ ಅಂದಾಜು ಮಾಡಲು ನಾವು ಹಿಡಿದಿರುವ ಒಂದು ಸುಲಭವಾದ ಅಳತೆಗೋಲು ಮಾತ್ರ.

ಟರ್ಬೊವಿನ ಕಾಯಕ

ಎಂಜಿನಿನಲ್ಲಿ ಉರಿದ ಇಂಧನದ ಶಕ್ತಿಯಲ್ಲಿ ಸುಮಾರು ಮೂರನೆಯ ಒಂದು ಪಾಲು ಬಿಸಿ ಹೊಗೆಯೊಡನೆ ಸೈಲೆನ್ಸರಿನ ದಾರಿ ಹಿಡಿದು ವ್ಯರ್ಥವಾಗಿ ಹೊರಟುಹೋಗುತ್ತದೆ. ಹೀಗೆ ಹೋಗುವುದನ್ನು ತಡೆದು ದುಡಿಸಿಕೊಳ್ಳಬಾರದೇಕೆ ಎಂಬ ಆಲೋಚನೆ ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಖಿ ಎಂಬಾತನಿಗೆ ಹೊಳೆದು, 1905ರಲ್ಲಿ ಆತನು ಅದಕ್ಕೆ ಪೇಟೆಂಟ್ ಪಡೆದನು. ಹೊರಟ ಹೊಗೆಯ ರಭಸದಿಂದ ಒಂದು ಚಕ್ರವನ್ನು ತಿರುಗಿಸುವುದು, ಅದೇ ದಂಡದ ಇನ್ನೊಂದು ತುದಿಗಿರುವ ಮತ್ತೊಂದು ಚಕ್ರದಿಂದ ಹೊರಗಣ ಗಾಳಿಯನ್ನು ಒತ್ತಿ ಸಿಲಿಂಡರಿಗೆ ತುಂಬುವುದು, ಹೆಚ್ಚು ಗಾಳಿ ದೊರೆತುದರಿಂದ ಹೆಚ್ಚು ಡೀಸೆಲ್ಲನ್ನು ಉರಿಸಿ ಸಣ್ಣ ಎಂಜಿನಿನಿಂದಲೇ ದೊಡ್ಡ ಎಂಜಿನಿನ ಕೆಲಸ ತೆಗೆಯುವುದು: ಇಷ್ಟೇ ಅದರ ತತ್ತ್ವ. 1920ರ ದಶಕದಲ್ಲಿ ಈ ಯಂತ್ರ ಹಡಗುಗಳ ಡೀಸೆಲ್ ಎಂಜಿನುಗಳನ್ನು ಸೇರಿತು. 1938ರಲ್ಲಿ ಸ್ವಿಟ್ಜರ್ಲೆಂಡಿನದೇ ಆದ ಸೌರರ್ ಕಂಪನಿ ಅದನ್ನು ಲಾರಿಯ ಎಂಜಿನಿಗೆ ಜೋಡಿಸಿತು. ಇಂದು ಕೋಲಾರದ ಮಾರುಕಟ್ಟೆಗೆ ಟೊಮೆಟೊ ಹೊತ್ತು ತರುವ ಡೀಸೆಲ್ ಪಿಕಪ್ಪುಗಳ ಬಾನೆಟ್ಟಿನಡಿಯಲ್ಲಿ ಇದು ಸಾಮಾನ್ಯ ಸಂಗತಿಯಾಗಿಬಿಟ್ಟಿದೆ.

ಈ ಉಪಕಾರಕ್ಕೆ ಪ್ರತಿಯಾಗಿ ಟರ್ಬೊ ಕೇಳುವ ಬೆಲೆಯನ್ನು ತೆರುವುದು ಎಣ್ಣೆ. ಪಿಕಪ್ಪಿನ ಡೀಸೆಲ್ ಎಂಜಿನ್ ತನ್ನ ಶಕ್ತಿಯೆಲ್ಲವನ್ನೂ ಸುರಿದು ದುಡಿಯುವಾಗಲೂ ನಿಮಿಷಕ್ಕೆ ನಾಲ್ಕು ಸಾವಿರ ಸುತ್ತುಗಳ ಆಸುಪಾಸಿನಲ್ಲಿರುತ್ತದೆ. ಅದೇ ವೇಳೆಯಲ್ಲಿ ಅದರ ಪಕ್ಕದ ಟರ್ಬೊವಿನ ದಂಡ ನಿಮಿಷಕ್ಕೆ ಒಂದು ಲಕ್ಷ ಸುತ್ತನ್ನು ದಾಟಿ, ಸಣ್ಣ ಟರ್ಬೊವಾದರೆ ಎರಡು ಲಕ್ಷದ ಸಮೀಪಕ್ಕೂ ಹೋಗುತ್ತದೆ. ಇಂತಹ ವೇಗಕ್ಕೆ ಸಾಮಾನ್ಯವಾಗಿ ಗುಂಡುಗಳ ಬೇರಿಂಗನ್ನು ಹಾಕದೆ, ದಂಡಕ್ಕೂ ಅದನ್ನು ಸುತ್ತುವರಿದ ಲೋಹದ ಬಳೆಗೂ ನಡುವೆ ಮಿಲಿಮೀಟರಿನ ನೂರನೆಯ ಕೆಲವೇ ಭಾಗಗಳಷ್ಟು ತೆಳುವಾದ ಎಣ್ಣೆಯ ಪದರವನ್ನು ಒತ್ತಡದಿಂದ ಹರಿಸಿ, ದಂಡವನ್ನು ಆ ಪದರದ ಮೇಲೆ ತೇಲಿಸಿಡುತ್ತಾರೆ. ಒಂದು ಪಕ್ಕದಲ್ಲಿ ಹೊರಗಣ ಗಾಳಿ. ಇನ್ನೊಂದು ಪಕ್ಕದಲ್ಲಿ, ಭಾರ ಹೊತ್ತು ಏರು ಹತ್ತುವಾಗ, ಏಳುನೂರು ಎಂಟುನೂರು ಡಿಗ್ರಿ ಸೆಲ್ಸಿಯಸ್ಸಿನ ಹೊಗೆ. ಇವೆರಡರ ಮಧ್ಯದಲ್ಲಿ ಒಂದು ಗೇಣಿಗಿಂತಲೂ ಚಿಕ್ಕ ದಂಡ. ಲೋಹ ಲೋಹವನ್ನು ಮುಟ್ಟದಂತೆ ಕಾಯುವುದು, ಒಳಗಣ ಕಾವನ್ನು ಹೊತ್ತು ಹೊರಗೆ ಸಾಗಿಸುವುದು, ಈ ಎರಡು ಕರ್ತವ್ಯಗಳೂ ಅಲ್ಲಿ ಎಣ್ಣೆಗೆ ಸೇರಿದುವು. ಟರ್ಬೊ ಇಲ್ಲದ ಹಳೆಯ ಎಂಜಿನಿನಲ್ಲಿ ಎಣ್ಣೆ ಸ್ವಲ್ಪ ಕೆಟ್ಟಿದ್ದರೂ ಯಂತ್ರ ಗೊಣಗುತ್ತ ಸಹಿಸಿಕೊಳ್ಳುತ್ತಿತ್ತು. ಟರ್ಬೊ ಅಷ್ಟು ಸಹನಶೀಲವಾದುದಲ್ಲ.

ಎಣ್ಣೆಯ ಒಳಗಿರುವುದೇನು

ಡಬ್ಬಿಯಿಂದ ಸುರಿಯುವಾಗ ಜೇನಿನ ಬಣ್ಣದಲ್ಲಿ ಹೊಳೆಯುವ ಎಂಜಿನ್ ಎಣ್ಣೆ ಕೇವಲ ಎಣ್ಣೆಯಲ್ಲ. ಅದರ ಬಹುಭಾಗ, ಕಚ್ಚಾ ತೈಲದಿಂದ ಶುದ್ಧೀಕರಿಸಿ ತೆಗೆದ ಅಥವಾ ರಾಸಾಯನಿಕವಾಗಿ ಸಂಯೋಜಿಸಿದ ಮೂಲತೈಲವಾದರೆ, ಉಳಿದ ಹತ್ತಿಪ್ಪತ್ತು ಶೇಕಡ ಭಾಗ ಬೇರೆ ಬೇರೆ ಕಾರ್ಯಗಳಿಗಾಗಿ ಬೆರೆಸಿದ ರಸಾಯನಗಳು. ಕ್ಯಾಲ್ಸಿಯಂ, ಮೆಗ್ನೀಸಿಯಂಗಳ ಲವಣಗಳು ಬಿಸಿಯಾದ ಪಿಸ್ಟನ್ನಿನ ಮೇಲೆ ಕೊಳೆ ಕಟ್ಟದಂತೆ ತೊಳೆಯುತ್ತವೆ, ಮತ್ತು ದಹನದಿಂದ ಹುಟ್ಟುವ ಆಮ್ಲವನ್ನು ಕೊಲ್ಲುತ್ತವೆ. ಸತು, ಗಂಧಕ, ರಂಜಕಗಳು ಕೂಡಿದ ಸಂಯುಕ್ತವೊಂದು, ಎಣ್ಣೆಯ ಪದರ ಹರಿದಾಗ ಲೋಹದ ಮೈಮೇಲೆ ತಾನೇ ರಕ್ಷಾಕವಚವಾಗಿ ನಿಲ್ಲುತ್ತದೆ. ಮಸಿಯ ಕಣಗಳು ಒಂದಕ್ಕೊಂದು ಅಂಟಿ ಗಡ್ಡೆಕಟ್ಟದಂತೆ ಬೇರೆ ಬೇರೆಯಾಗಿ ತೇಲಿಸುವ ದ್ರವ್ಯವೊಂದು. ಬಿಸಿಯಲ್ಲಿ ಎಣ್ಣೆ ನೀರಿನಂತೆ ತೆಳುವಾಗದಂತೆ ಹಿಡಿಯುವ ಪಾಲಿಮರ್ ಮತ್ತೊಂದು. ನೊರೆಯನ್ನು ತಡೆಯುವುದು, ತುಕ್ಕನ್ನು ತಡೆಯುವುದು, ಆಮ್ಲಜನಕದ ದಾಳಿಗೆ ಮೊದಲು ತಾನೇ ಬಲಿಯಾಗಿ ಎಣ್ಣೆಯನ್ನು ಉಳಿಸುವುದು ಬೇರೆ ಬೇರೆ.

ಇವುಗಳಲ್ಲಿ ಹೆಚ್ಚಿನವು ಬಳಸಿದಂತೆ ತೀರಿಹೋಗತಕ್ಕವು. ಎಣ್ಣೆ ಬದಲಿಸುವುದೆಂದರೆ, ಕೊಳೆಯನ್ನು ಹೊರಹಾಕುವುದು ಎಷ್ಟೋ, ಖರ್ಚಾದ ಈ ರಕ್ಷಕರ ಸ್ಥಾನದಲ್ಲಿ ಹೊಸಬರನ್ನು ನೇಮಿಸುವುದೂ ಅಷ್ಟೇ. ಎಣ್ಣೆ ಕಡಮೆಯಾದಾಗಲೆಲ್ಲ ಅರ್ಧ ಲೀಟರು ಹೊಸದನ್ನು ಸುರಿದು ವರ್ಷಗಟ್ಟಲೆ ಸಾಗಿಸುವವರು ಮರೆಯುವುದು ಇದನ್ನೇ. ಒಳಗೆ ಉಳಿದ ಹಳೆಯ ಐದಾರು ಲೀಟರಿನ ಆಮ್ಲ ಮಸಿಗಳನ್ನು ಆ ಅರ್ಧ ಲೀಟರಿನ ಸತ್ತ್ವ ಎಷ್ಟು ಕಾಲ ತಡೆದೀತು?

ಮುಪ್ಪು ಬರುವ ಬಗೆ

ಎಣ್ಣೆಯ ಮೊದಲ ಶತ್ರು ಕಾವು. ಬೋಂಡ ಕರಿಯುವ ಅಂಗಡಿಯ ಬಾಣಲೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಕಾದ ಎಣ್ಣೆ ಕಪ್ಪಾಗಿ, ಮಂದವಾಗಿ, ಅಂಟುಅಂಟಾಗುವುದನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕಾವಿನಲ್ಲಿ ಎಣ್ಣೆ ಗಾಳಿಯ ಆಮ್ಲಜನಕದೊಡನೆ ಕೂಡಿ ಕೆಡುವ ಕ್ರಿಯೆ ಎರಡೆಡೆಯಲ್ಲಿಯೂ ಒಂದೇ ಜಾತಿಯದು. ಉಷ್ಣತೆ ಹತ್ತು ಡಿಗ್ರಿ ಏರಿದಂತೆಲ್ಲ ಈ ಕ್ರಿಯೆಯ ವೇಗ ಹೆಚ್ಚುಕಡಮೆ ಇಮ್ಮಡಿಯಾಗುವುದೆಂಬುದು ರಸಾಯನಶಾಸ್ತ್ರದ ಒಂದು ಸ್ಥೂಲನಿಯಮ. ಆದುದರಿಂದ ನೂರು ಡಿಗ್ರಿಯಲ್ಲಿ ನೆಮ್ಮದಿಯಾಗಿರುವ ಎಣ್ಣೆ ನೂರಮೂವತ್ತು ಡಿಗ್ರಿಯಲ್ಲಿ ಸುಮಾರು ಎಂಟು ಪಟ್ಟು ಬೇಗನೆ ಮುಪ್ಪಾಗಬೇಕು. ಟರ್ಬೊವಿನ ಬೇರಿಂಗಿನಲ್ಲಂತೂ, ಘಾಟಿ ಹತ್ತಿ ಬಂದ ಗಾಡಿಯನ್ನು ತಟಕ್ಕನೆ ಆಫ್ ಮಾಡಿದರೆ, ಎಣ್ಣೆಯ ಹರಿವು ನಿಂತುಹೋಗಿ, ಕೆಂಪಗೆ ಕಾದ ಚಕ್ರದ ಕಾವೆಲ್ಲ ದಂಡದ ಮೂಲಕ ಇಳಿದು, ಅಲ್ಲಿ ನಿಂತ ಕೆಲವು ಹನಿಗಳನ್ನು ಸುಟ್ಟು ಇದ್ದಿಲಿನಂತಹ ಕಿಟ್ಟವಾಗಿಸುತ್ತದೆ. ಈ ಕಿಟ್ಟವೇ ಮುಂದೊಂದು ದಿನ ಸಣ್ಣ ನಾಳಗಳನ್ನು ಕಟ್ಟಿ, ಟರ್ಬೊವಿನ ಉಸಿರು ನಿಲ್ಲಿಸುವುದು.

ಎರಡನೆಯ ಶತ್ರು ಮಸಿ. ಡೀಸೆಲ್ಲಿನ ದಹನದಲ್ಲಿ ಹುಟ್ಟುವ ಮಸಿಯ ಕಣಗಳು ಅತಿ ಸೂಕ್ಷ್ಮವಾದುದರಿಂದ ಆಯಿಲ್ ಫಿಲ್ಟರಿನ ಕಾಗದಕ್ಕೆ ಸಿಕ್ಕದೆ ನುಸುಳುತ್ತವೆ. ಅವನ್ನು ತೇಲಿಸಿಡುವ ದ್ರವ್ಯ ಎಣ್ಣೆಯಲ್ಲಿ ಇರುವವರೆಗೂ ಭಯವಿಲ್ಲ. ಇಲ್ಲಿ ಒಂದು ಜನಪ್ರಿಯ ಭ್ರಮೆಯನ್ನು ನಿವಾರಿಸಬೇಕಾಗಿದೆ. ಹೊಸ ಎಣ್ಣೆ ಹಾಕಿದ ಕೆಲವೇ ದಿನಗಳಲ್ಲಿ ಡಿಪ್‌ಸ್ಟಿಕ್ಕಿನ ಮೇಲೆ ಕಪ್ಪು ಕಂಡೊಡನೆ, ಎಣ್ಣೆ ಕೆಟ್ಟಿತೆಂದು, ಮೋಸದ ಮಾಲೆಂದು ಕೂಗಾಡುವವರುಂಟು. ಡೀಸೆಲ್ ಎಂಜಿನಿನಲ್ಲಿ ಎಣ್ಣೆ ಕಪ್ಪಾಗುವುದು, ಅದು ತನ್ನ ಕೆಲಸವನ್ನು ನಿಷ್ಠೆಯಿಂದ ಮಾಡುತ್ತಿರುವುದಕ್ಕೆ ಸಾಕ್ಷಿ. ಬಣ್ಣದಿಂದ ಎಣ್ಣೆಯ ಆಯುಸ್ಸನ್ನು ಅಳೆಯುವುದು ಸಾಧ್ಯವಿಲ್ಲ. ತೇಲಿಸುವ ಶಕ್ತಿ ತೀರಿ, ಮಸಿ ಗಡ್ಡೆಕಟ್ಟಿ, ಎಣ್ಣೆ ಮಂದವಾದಾಗಲೇ ಅಪಾಯ. ಅದನ್ನು ತಿಳಿಯಬೇಕಾದರೆ ಪ್ರಯೋಗಶಾಲೆ ಬೇಕು, ಬೆರಳ ತುದಿ ಸಾಲದು.

ಮೂರನೆಯದು ನೀರು ಮತ್ತು ಆಮ್ಲ. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು ಒಂದು ಲೀಟರಿನಷ್ಟು ನೀರು ಆವಿಯಾಗಿ ಹುಟ್ಟುತ್ತದೆಂದು ಹೇಳಿದರೆ ನಂಬದವರೇ ಹೆಚ್ಚು. ಅದರಲ್ಲಿ ಬಹುಭಾಗ ಹೊಗೆಯೊಡನೆ ಹೋದರೂ, ಪಿಸ್ಟನ್ನಿನ ಪಕ್ಕದಿಂದ ಕೆಳಗೆ ನುಸುಳಿದ ಅಲ್ಪಾಂಶ ತಣ್ಣಗಿನ ಎಂಜಿನಿನಲ್ಲಿ ಹನಿಗಟ್ಟಿ ಎಣ್ಣೆಯನ್ನು ಸೇರುತ್ತದೆ. ದೀರ್ಘ ಪ್ರಯಾಣದಲ್ಲಿ ಎಣ್ಣೆ ಚೆನ್ನಾಗಿ ಕಾದು ಅದನ್ನು ಆವಿಯಾಗಿಸಿ ಹೊರದೂಡುವುದು. ಆದರೆ ಮುಂಜಾವದಲ್ಲಿ ಹಾಲಿನ ಕ್ಯಾನುಗಳನ್ನು ಹೊತ್ತು ಮೂರು ನಾಲ್ಕು ಮೈಲಿ ಓಡಿ ನಿಲ್ಲುವ ಗಾಡಿಗೆ ಆ ಭಾಗ್ಯವಿಲ್ಲ. ಕಡಮೆ ಓಡುವ ಗಾಡಿಯ ಎಣ್ಣೆ ಹೆಚ್ಚು ದಿನ ಬಾಳುತ್ತದೆಂಬ ನಂಬಿಕೆ ಇಲ್ಲಿ ಬುಡಮೇಲಾಗುತ್ತದೆ.

ನಾಲ್ಕನೆಯದು, ಇತ್ತೀಚಿನದು: ಎಣ್ಣೆಗೆ ಸೇರುವ ಡೀಸೆಲ್. 2020ರ ಏಪ್ರಿಲ್ 1ರಿಂದ ನಮ್ಮಲ್ಲಿ ಜಾರಿಯಾದ ಬಿಎಸ್-6 ಎಂಬ ಹೊಗೆನಿಯಂತ್ರಣ ನಿಯಮದ ತರುವಾಯ, ಹೊಗೆಯ ಮಸಿಯನ್ನು ಹಿಡಿದಿಡುವ ಡಿಪಿಎಫ್ ಎಂಬ ಶೋಧಕ ಡೀಸೆಲ್ ಪಿಕಪ್ಪುಗಳಿಗೆ ಬಂದಿತು. ಅದು ತುಂಬಿದಾಗ, ಎಂಜಿನ್ ತಾನಾಗಿಯೇ ತಡವಾಗಿ ಸ್ವಲ್ಪ ಹೆಚ್ಚು ಡೀಸೆಲ್ಲನ್ನು ಚಿಮ್ಮಿಸಿ, ಹೊಗೆಯನ್ನು ಆರುನೂರು ಡಿಗ್ರಿಯ ಸುತ್ತಮುತ್ತ ಕಾಯಿಸಿ, ಹಿಡಿದಿಟ್ಟ ಮಸಿಯನ್ನು ಸುಟ್ಟುಹಾಕುತ್ತದೆ. ಈ ಹೆಚ್ಚುವರಿ ಡೀಸೆಲ್ಲನ್ನು ಸಿಲಿಂಡರಿನೊಳಗೇ ಚಿಮ್ಮಿಸುವ ಎಂಜಿನುಗಳಲ್ಲಿ ಒಂದಿಷ್ಟು ಗೋಡೆಯಗುಂಟ ಜಾರಿ ಎಣ್ಣೆಯ ತೊಟ್ಟಿಗೆ ಬೀಳುವುದು. ಪೇಟೆಯ ಗಲ್ಲಿಗಳಲ್ಲಿ ನಿಂತು ನಿಂತು ಓಡುವ ಗಾಡಿಯಲ್ಲಿ ಈ ಸುಡುವಿಕೆ ಅರ್ಧದಲ್ಲಿಯೇ ಕಡಿದುಹೋಗಿ ಮತ್ತೆ ಮತ್ತೆ ಮೊದಲಾಗುವುದರಿಂದ, ಡಿಪ್‌ಸ್ಟಿಕ್ಕಿನಲ್ಲಿ ಎಣ್ಣೆಯ ಮಟ್ಟ ಇಳಿಯುವುದರ ಬದಲು ಏರುತ್ತ ಹೋಗುವ ವಿಚಿತ್ರವನ್ನು ಕಾಣಬಹುದು. ಇದನ್ನು ಕಂಡು, ನಮ್ಮ ಗಾಡಿ ಎಣ್ಣೆಯನ್ನೇ ಕುಡಿಯುವುದಿಲ್ಲವೆಂದು ಹಿಗ್ಗುವವನು ಮೋಸಹೋದನು. ಮಟ್ಟ ಮೇಲಿನ ಗುರುತನ್ನು ದಾಟಿದುದಾದರೆ, ಕಿಲೋಮೀಟರು ಎಷ್ಟೇ ಆಗಿರಲಿ, ಎಣ್ಣೆಯನ್ನು ಬದಲಿಸತಕ್ಕದ್ದು. ತೆಳುವಾದ ಎಣ್ಣೆ ಟರ್ಬೊವನ್ನು ತೇಲಿಸಲಾರದು, ಮಿತಿಮೀರಿದ ಎಣ್ಣೆ ಗಾಳಿಯ ದಾರಿಯಲ್ಲಿ ಸಿಲಿಂಡರನ್ನು ಸೇರಿದರೆ ಎಂಜಿನ್ ಅದನ್ನೇ ಇಂಧನವಾಗಿ ಉರಿಸುತ್ತ, ಕೀಲಿ ತೆಗೆದರೂ ನಿಲ್ಲದೆ ಅಂಕೆ ಮೀರಿ ಓಡಬಲ್ಲದು.

ದೂರವೊಂದೇ ಅಳತೆಯೆ?

ಅಮೆರಿಕದಲ್ಲಿ ಬಹುಕಾಲ 3,000 ಮೈಲಿಗೊಮ್ಮೆ, ಎಂದರೆ ಸುಮಾರು 4,800 ಕಿಲೋಮೀಟರಿಗೊಮ್ಮೆ ಎಣ್ಣೆ ಬದಲಿಸುವುದೆಂಬ ಸೂತ್ರ ವೇದವಾಕ್ಯದಂತೆ ನಡೆದುಬಂದಿತು. ನಮ್ಮ ಮೇಸ್ತ್ರಿಗಳ ಐದು ಸಾವಿರವೂ ಅದೇ ಕಾಲದ ಎಣ್ಣೆ, ಅದೇ ಕಾಲದ ಎಂಜಿನುಗಳ ಅನುಭವದಿಂದ ಹುಟ್ಟಿದ ಮಾತು. ಇದನ್ನು ಶಾಸ್ತ್ರೀಯವಾಗಿ ಪರೀಕ್ಷಿಸಿದವರಲ್ಲಿ ಜನರಲ್ ಮೋಟರ್ಸ್ ಸಂಸ್ಥೆಯ ವಿಜ್ಞಾನಿ ಶರ್ಲಿ ಶ್ವಾರ್ಟ್ಸ್ ಪ್ರಮುಖರು. ಎಣ್ಣೆಯ ಕ್ಷಯಕ್ಕೆ ಮುಖ್ಯ ಕಾರಣಗಳು ಎಂಜಿನ್ ಎಷ್ಟು ಸುತ್ತು ತಿರುಗಿತು, ಎಣ್ಣೆ ಎಷ್ಟು ಕಾದಿತು ಎಂಬುವೇ ಆದುದರಿಂದ, ಇವೆರಡನ್ನೂ ಗಾಡಿಯ ಗಣಕವೇ ಎಣಿಸುತ್ತ ಹೋಗಿ, ಅತಿಶೈತ್ಯಕ್ಕೂ ಅತಿತಾಪಕ್ಕೂ ದಂಡ ಹಾಕಿ, ಉಳಿದ ಆಯುಸ್ಸನ್ನು ಚಾಲಕನಿಗೆ ಹೇಳಬಹುದೆಂಬ ವಿಧಾನವನ್ನು ಅವರು ರೂಪಿಸಿದರು. 1980ರ ದಶಕದ ಕೊನೆಯಲ್ಲಿ ಅದು ಆ ಸಂಸ್ಥೆಯ ಕಾರುಗಳಿಗೆ ಬಂದಿತು. ಆ ವಿಧಾನ ಎಣ್ಣೆಯನ್ನು ಮುಟ್ಟಿ ನೋಡುವುದಿಲ್ಲ; ಎಣ್ಣೆ ಪಟ್ಟ ಪಾಡನ್ನು ಲೆಕ್ಕ ಹಾಕುತ್ತದೆ.

ಅದೇ ಜಾಡಿನಲ್ಲಿ, ಅಮೆರಿಕದ ಫೋರ್ಡ್ ಸಂಸ್ಥೆ ಇಕೋಬೂಸ್ಟ್ ಎಂಬ ಟರ್ಬೊ ಪೆಟ್ರೋಲ್ ಎಂಜಿನನ್ನುಳ್ಳ ತನ್ನ ಎಫ್-150 ಪಿಕಪ್ಪಿನ ಪುಸ್ತಕದಲ್ಲಿ ಒಂದು ಅಂಕಿಯ ಬದಲು ಮೂರು ಶ್ರೇಣಿಗಳನ್ನು ಮುಂದಿಟ್ಟಿತು. ಹೆದ್ದಾರಿಯಲ್ಲಿ ಹಗುರವಾಗಿ ಓಡುವ ಸಾಧಾರಣ ಬಳಕೆಗೆ 7,500ರಿಂದ 10,000 ಮೈಲಿ. ಭಾರ ಹೊರುವ, ಗುಡ್ಡ ಹತ್ತುವ, ಬಹುಕಾಲ ನಿಂತಲ್ಲೇ ಓಡುವ ಕಠಿನ ಬಳಕೆಗೆ 5,000ದಿಂದ 7,500. ಗರಿಷ್ಠ ಹೊರೆ, ಅತಿಯಾದ ಸೆಕೆ ಚಳಿಗಳ ಅತಿಕಠಿನ ಬಳಕೆಗೆ 3,000ದಿಂದ 5,000. ನಮ್ಮ ಲೆಕ್ಕಕ್ಕೆ ತಂದರೆ, 16,000 ಕಿಲೋಮೀಟರಿಗೆ ಅರ್ಹವಾದ ಎಣ್ಣೆಯೇ ಬೇರೊಂದು ಬಾಳಿನಲ್ಲಿ ಐದು ಸಾವಿರಕ್ಕೆ ಸೋತುಹೋಗುತ್ತದೆ. ಹಳೆಯ ಮೇಸ್ತ್ರಿಯ ಮಾತೂ ಪುಸ್ತಕದ ಮಾತೂ ಒಂದೇ ಪಟ್ಟಿಯ ಎರಡು ಕೊನೆಗಳೆಂಬುದು ಇಲ್ಲಿ ವ್ಯಕ್ತವಾಗುವುದು.

ಇನ್ನು ಗಂಟೆಗಳ ಲೆಕ್ಕ. ಹೆದ್ದಾರಿಯಲ್ಲಿ ಗಂಟೆಗೆ 50 ಕಿಲೋಮೀಟರಿನ ಸರಾಸರಿಯಲ್ಲಿ ಓಡುವ ಗಾಡಿಗೆ 10,000 ಕಿಲೋಮೀಟರೆಂದರೆ 200 ಗಂಟೆಗಳ ದುಡಿಮೆ; ಬೆಂಗಳೂರಿನ ಒಳರಸ್ತೆಗಳಲ್ಲಿ 20ರ ಸರಾಸರಿಯಲ್ಲಿ ತೆವಳುವ ಗಾಡಿಗೆ ಅದೇ ದೂರ 500 ಗಂಟೆ. ಮೀಟರು ಎರಡರಲ್ಲಿಯೂ ಒಂದೇ ಅಂಕಿಯನ್ನು ತೋರಿಸುತ್ತದೆ. ಎಣ್ಣೆ ಮಾತ್ರ ಒಂದರಲ್ಲಿ ಎರಡೂವರೆ ಪಟ್ಟು ಹೆಚ್ಚು ಕಾಲ ದುಡಿದಿರುತ್ತದೆ. ಚಾಲೂ ಇಟ್ಟು ನಿಲ್ಲಿಸಿದ ಒಂದು ಗಂಟೆ ಸುಮಾರು 40 ಕಿಲೋಮೀಟರ್ ಓಡಿದುದಕ್ಕೆ ಸಮವೆಂದು ಫೋರ್ಡ್ ಸಂಸ್ಥೆ ತನ್ನ ಡೀಸೆಲ್ ಟ್ರಕ್ಕುಗಳ ವಿಷಯದಲ್ಲಿ ಎಣಿಸುತ್ತದೆ. ಆ ಲೆಕ್ಕದಂತೆ, ಎಪಿಎಂಸಿಯ ಸಾಲಿನಲ್ಲಿ ದಿನಕ್ಕೊಂದು ಗಂಟೆ ಎಂಜಿನ್ ಆರಿಸದೆ ಕಾಯುವ ಗಾಡಿ, ವರ್ಷದ ಮುನ್ನೂರು ದಿನಗಳಲ್ಲಿ, ಮೀಟರಿಗೆ ಕಾಣದ 12,000 ಕಿಲೋಮೀಟರನ್ನು ನಿಂತಲ್ಲಿಯೇ ಓಡಿಬಿಡುತ್ತದೆ!

ನಮ್ಮ ರಸ್ತೆ, ನಮ್ಮ ಹೊರೆ

ಪುಸ್ತಕಗಳಲ್ಲಿ ಕಠಿನ ಬಳಕೆಯೆಂದು ಯಾವುದನ್ನು ಬಣ್ಣಿಸಿದೆಯೋ ಅದು ನಮ್ಮ ಪಿಕಪ್ಪುಗಳ ನಿತ್ಯಜೀವನ. ಆಗುಂಬೆಯ ಹದಿನಾಲ್ಕು ಹೇರ್‌ಪಿನ್ ತಿರುವುಗಳನ್ನಾಗಲಿ, ಚಾರ್ಮಾಡಿಯ ಏರನ್ನಾಗಲಿ, ಎರಡನೆಯ ಗೇರಿನಲ್ಲಿ ಟರ್ಬೊ ಕೂಗುತ್ತಿರುವಂತೆಯೇ ಹತ್ತುವ ಗಾಡಿಗೆ ಅದು ಬೆಟ್ಟದ ಬಳಕೆ; ವೈಶಾಖದ ಬಿಸಿಲಿನಲ್ಲಿ ಕಲಬುರಗಿ ರಾಯಚೂರುಗಳ ದಾರಿಯಲ್ಲಿ, ನೆರಳಿನಲ್ಲಿಯೇ ನಾಲ್ವತ್ತೆರಡು ಡಿಗ್ರಿಯಿರುವಾಗ ಓಡುವ ಗಾಡಿಗೆ ಅದು ತಾಪದ ಬಳಕೆ; ಬಳ್ಳಾರಿಯ ಸೀಮೆಯಲ್ಲಿ ಕೆಂಧೂಳಿನ ಮೋಡವನ್ನು ಸೀಳಿಕೊಂಡು ಹೋಗುವ ಗಾಡಿಗೆ ಧೂಳಿನ ಬಳಕೆ; ಕೊಡಗಿನ ತೋಟದಿಂದ ಕಾಫಿಯ ಮೂಟೆಗಳನ್ನೇರಿಸಿಕೊಂಡು ಕೆಸರಿನ ಕಾಲುಹಾದಿಯಂತಹ ದಾರಿಯಲ್ಲಿ ಬರುವುದಕ್ಕೆ ಇವೆಲ್ಲವೂ. ಇದರ ಮೇಲೆ, ಆರ್‌.ಸಿ. ಪುಸ್ತಕದಲ್ಲಿ ಬರೆದಷ್ಟೇ ತೂಕವನ್ನು ಹೊರುವ ಪಿಕಪ್ಪನ್ನು ಹುಡುಕಿ ತೆಗೆಯುವುದು ಕಷ್ಟವೆಂಬ ಸಂಗತಿಯನ್ನು ನಾವೆಲ್ಲರೂ ಬಲ್ಲೆವು. ಆದಕಾರಣ, ಪುಸ್ತಕದ ಮೊದಲ ಪುಟದಲ್ಲಿರುವ ದೊಡ್ಡ ಅಂಕಿಯನ್ನು ಓದಿ ಮುಚ್ಚುವವನು, ತನಗಾಗಿ ಬರೆದ ಸಾಲನ್ನು ಓದದೆ ಬೇರೆಯವರಿಗಾಗಿ ಬರೆದುದನ್ನು ಓದಿದಂತಾಯಿತು.

ಹಾಗೆಂದು ಅತಿಯಾದ ಭಯಕ್ಕೂ ಅವಕಾಶವಿಲ್ಲ. ಐದು ಸಾವಿರದ ಸೂತ್ರ ಹುಟ್ಟಿದ ಕಾಲದ ಡೀಸೆಲ್ಲಿನಲ್ಲಿ ಗಂಧಕ ಹೇರಳವಾಗಿದ್ದು, ಅದು ಉರಿದು ಆಮ್ಲವಾಗಿ ಎಣ್ಣೆಯ ಕ್ಷಾರಸತ್ತ್ವವನ್ನು ಬೇಗನೆ ತಿಂದುಹಾಕುತ್ತಿತ್ತು. ಬಿಎಸ್-3ರ ಕಾಲದಲ್ಲಿ ಹತ್ತು ಲಕ್ಷಕ್ಕೆ 350 ಭಾಗದವರೆಗೆ ಇರಬಹುದಾಗಿದ್ದ ಗಂಧಕ, ಬಿಎಸ್-4ರಲ್ಲಿ 50ಕ್ಕೂ, ಬಿಎಸ್-6ರಲ್ಲಿ 10ಕ್ಕೂ ಇಳಿದಿದೆ. ಮೂಲತೈಲಗಳೂ ಸುಧಾರಿಸಿವೆ, ಸಿಂಥೆಟಿಕ್ ಎಣ್ಣೆ ಕಾವನ್ನು ಖನಿಜತೈಲಕ್ಕಿಂತ ಹೆಚ್ಚು ಕಾಲ ತಾಳುತ್ತದೆ. ಹೊಸ ಗಾಡಿಗೆ ಒಳ್ಳೆಯ ಎಣ್ಣೆಯನ್ನೇ ಹಾಕಿ, ಹುಬ್ಬಳ್ಳಿಯಿಂದ ಬೆಂಗಳೂರಿನವರೆಗೆ ಹೆದ್ದಾರಿಯಲ್ಲಿ ಹಗುರವಾದ ಹೊರೆಯೊಡನೆ ಓಡಿಸುವವನು ಮೂರು ಸಾವಿರಕ್ಕೊಮ್ಮೆ ಬದಲಿಸಿದರೆ, ಎಂಜಿನಿಗೆ ಉಪಕಾರವಾಗುವುದಕ್ಕಿಂತ ಮಿಗಿಲಾಗಿ ಎಣ್ಣೆಯಂಗಡಿಗೆ ಉಪಕಾರವಾಗುತ್ತದೆ.

ಕಡೆಗೆ ಅಂಕಿ

ಇಷ್ಟೆಲ್ಲವನ್ನೂ ಕೇಳಿದ ಮೇಲೆ ಓದುಗರು ಅಂಕಿಯನ್ನು ಬಯಸುವುದು ನ್ಯಾಯವೇ. ಪುಸ್ತಕದಲ್ಲಿ ಕಠಿನ ಬಳಕೆಗೆಂದು ಬೇರೆ ಪಟ್ಟಿ ಇದ್ದರೆ, ಭಾರ ಹೊರುವ ಗಾಡಿಗೆ ಅದೇ ಪ್ರಮಾಣ. ಬೇರೆ ಚರ್ಚೆ ಬೇಕಿಲ್ಲ. ಇಲ್ಲದಿದ್ದರೆ, ಸಾಧಾರಣ ಬಳಕೆಗೆ ಹೇಳಿದ ಅಂಕಿಯ ಅರ್ಧಕ್ಕೂ ಮೂರರಲ್ಲಿ ಎರಡು ಪಾಲಿಗೂ ನಡುವೆ ಎಲ್ಲಿಯಾದರೂ ನಿಲ್ಲುವುದು ವಿವೇಕ. ಪುಸ್ತಕ 10,000 ಎನ್ನುವುದಾದರೆ 5,000ದಿಂದ 6,500. 20,000 ಎನ್ನುವುದಾದರೆ 10,000ದಿಂದ 13,000. ಖನಿಜತೈಲ ಹಾಕುವವರು, ವಯಸ್ಸಾದ ಎಂಜಿನುಳ್ಳವರು, ಘಾಟಿಯಲ್ಲಿಯೇ ಬಾಳು ಸವೆಸುವವರು ಕೆಳಗಣ ಅಂಕಿಯ ಕಡೆಗೂ, ಸಿಂಥೆಟಿಕ್ ಹಾಕಿ ಹೆದ್ದಾರಿಯಲ್ಲಿ ಓಡುವವರು ಮೇಲಣ ಅಂಕಿಯ ಕಡೆಗೂ ವಾಲಬಹುದು. ಖಾಲಿ ಗಾಡಿಯನ್ನು ಹೆದ್ದಾರಿಯಲ್ಲಿ ಮಾತ್ರ ಓಡಿಸುವವನಿಗೆ ಪುಸ್ತಕದ ಪೂರ್ಣ ಅಂಕಿಯೇ ಸಲ್ಲುವುದು. ಇನ್ನು ಕಾಲದ ಮಿತಿ: ಎಷ್ಟೇ ಕಡಮೆ ಓಡಲಿ, ವರ್ಷಕ್ಕೊಮ್ಮೆಯಾದರೂ ಬದಲಿಸತಕ್ಕದ್ದು, ದಿನವೂ ಎರಡು ಮೂರು ಮೈಲಿಯ ಓಡಾಟವೇ ಗತಿಯಾದ ಗಾಡಿಗೆ ಆರು ತಿಂಗಳು. ವಾರಂಟಿಯ ಅವಧಿಯಲ್ಲಿ ಪುಸ್ತಕದ ಅಂಕಿಯನ್ನು ಮೀರುವಂತಿಲ್ಲ. ಅದಕ್ಕಿಂತ ಮೊದಲೇ ಬದಲಿಸುವುದಕ್ಕೆ ಯಾರ ಅಡ್ಡಿಯೂ ಇಲ್ಲ.

ಹತ್ತಾರು ಗಾಡಿಗಳನ್ನಿಟ್ಟವರಿಗೆ ಇದಕ್ಕಿಂತ ಖಚಿತವಾದ ದಾರಿಯೊಂದಿದೆ. ಬಳಸಿದ ಎಣ್ಣೆಯ ಸಣ್ಣ ಸೀಸೆಯೊಂದನ್ನು ಪ್ರಯೋಗಶಾಲೆಗೆ ಕಳುಹಿಸಿದರೆ, ಅದರ ಮಂದತೆ ಎಷ್ಟು ಉಳಿದಿದೆ, ಕ್ಷಾರಸತ್ತ್ವ ಎಷ್ಟಿದೆ, ಮಸಿ ಎಷ್ಟು, ಸೇರಿದ ಡೀಸೆಲ್ ಎಷ್ಟು, ಸವೆದ ಕಬ್ಬಿಣ ತಾಮ್ರಗಳು ಎಷ್ಟೆಂಬ ವರದಿ ದೊರೆಯುವುದು. ನಾಲ್ಕಾರು ವರದಿಗಳನ್ನು ಒಟ್ಟಿಗಿಟ್ಟು ನೋಡಿದವನಿಗೆ ತನ್ನ ದಾರಿಗೆ, ತನ್ನ ಹೊರೆಗೆ ತಕ್ಕ ಅಂಕಿ ತಾನೇ ಕಾಣಿಸುತ್ತದೆ.

ಬದಲಿಸುವಾಗಿನ ವಿವೇಕ

ಎಷ್ಟು ಸಾರಿ ಬದಲಿಸಿದೆವೆಂಬುದಕ್ಕಿಂತ ಏನನ್ನು ಹಾಕಿದೆವೆಂಬುದು ಕಿರಿದಾದ ವಿಷಯವಲ್ಲ. 15ಡಬ್ಲ್ಯು-40, 5ಡಬ್ಲ್ಯು-30 ಎಂಬ ಗುರುತುಗಳು ಎಣ್ಣೆಯ ಮಂದತೆಯನ್ನು ಮಾತ್ರ ಹೇಳುತ್ತವೆ. ಗುಣವನ್ನು ಹೇಳುವುದು ಎಪಿಐ ಸಿಐ-4, ಸಿಕೆ-4, ಅಥವಾ ಎಸಿಇಎ ಸಿ-3 ಎಂಬಂತಹ ದರ್ಜೆಗಳು. ಡಿಪಿಎಫ್ ಇರುವ ಬಿಎಸ್-6 ಗಾಡಿಗೆ ಬೂದಿಯ ಅಂಶ ಕಡಮೆಯಿರುವ ಎಣ್ಣೆಯೇ ಆಗಬೇಕು. ಹಳೆಯ ದರ್ಜೆಯ ಅಗ್ಗದ ಎಣ್ಣೆಯನ್ನು ಹಾಕಿದರೆ, ಅದು ಉರಿದುಳಿದ ಬೂದಿ ಶೋಧಕದಲ್ಲಿ ಶಾಶ್ವತವಾಗಿ ಕುಳಿತುಬಿಡುವುದು. ಮಸಿಯನ್ನು ಸುಡಬಹುದು, ಬೂದಿಯನ್ನು ಸುಡುವ ಬೆಂಕಿ ಇಲ್ಲ. ಯಾವ ದರ್ಜೆ ತನ್ನ ಗಾಡಿಗೆ ಸಲ್ಲುವುದೆಂಬುದನ್ನು ಪುಸ್ತಕದಿಂದ ತಿಳಿದು, ಡಬ್ಬಿಯ ಹಿಂಬದಿಯಲ್ಲಿ ಅದೇ ಅಕ್ಷರಗಳನ್ನು ಹುಡುಕುವುದು ಉಚಿತ.

ಎಣ್ಣೆಯೊಡನೆ ಫಿಲ್ಟರನ್ನೂ ತಪ್ಪದೆ ಬದಲಿಸಬೇಕು. ಕಟ್ಟಿಹೋದ ಫಿಲ್ಟರಿನಲ್ಲಿ ಎಣ್ಣೆ ನಿಲ್ಲದಿರಲೆಂದು ಒಂದು ಕವಾಟವನ್ನಿಟ್ಟಿರುತ್ತಾರೆ. ಅದು ತೆರೆದುಕೊಂಡರೆ ಸೋಸದ ಎಣ್ಣೆಯೇ ನೇರವಾಗಿ ಬೇರಿಂಗಿಗೆ ಹೋಗುವುದು. ಏರ್ ಫಿಲ್ಟರ್ ಹರಿದಿದ್ದರೆ, ಎಷ್ಟು ಸಾರಿ ಎಣ್ಣೆ ಬದಲಿಸಿದರೂ ಧೂಳು ಅದನ್ನು ಮತ್ತೆ ಲೋಹ ಸವೆಸುವ ಕೆಸರಾಗಿಸುತ್ತದೆ. ಎಂಜಿನ್ ಬೆಚ್ಚಗಿರುವಾಗ ಡ್ರೈನ್ ಪ್ಲಗ್ ತೆಗೆದರೆ ಕೊಳೆ ಎಣ್ಣೆಯೊಡನೆ ಹೊರಬರುವುದು. ಹೊಸ ಎಣ್ಣೆ ಹಾಕಿದ ಮೇಲೆ ಆಕ್ಸಿಲರೇಟರ್ ಒತ್ತದೆ ಒಂದು ನಿಮಿಷ ಓಡಗೊಟ್ಟರೆ ಟರ್ಬೊವಿನವರೆಗೆ ಎಣ್ಣೆ ತಲುಪುವುದು. ದಿನದ ಬಳಕೆಯಲ್ಲಿಯೂ, ಸ್ಟಾರ್ಟ್ ಮಾಡಿದೊಡನೆ ರೇಸು ಕೊಡದಿರುವುದು, ಘಾಟಿ ಹತ್ತಿ ಬಂದಮೇಲೆ ಒಂದೆರಡು ನಿಮಿಷ ನಿಧಾನವಾಗಿ ಓಡಿಸಿ ಅನಂತರ ಆಫ್ ಮಾಡುವುದು, ವಾರಕ್ಕೊಮ್ಮೆ ಡಿಪ್‌ಸ್ಟಿಕ್ ನೋಡುವುದು, ಈ ಮೂರು ಅಭ್ಯಾಸಗಳಿಗೆ ಕಾಸಿನ ಖರ್ಚಿಲ್ಲ.

ತೆಗೆದ ಹಳೆಯ ಎಣ್ಣೆಯ ವಿಷಯದಲ್ಲಿ ನಮ್ಮ ಅಲಕ್ಷ್ಯ ಹೇಳತೀರದು. ಮೋರಿಗೆ ಸುರಿಯುವುದು, ಸೆಂಟ್ರಿಂಗ್ ಹಲಗೆಗೆ ಬಳಿಯುವುದು, ಗೆದ್ದಲಿಗೆಂದು ಬೇಲಿಯ ಕಂಬಕ್ಕೆ ಹಚ್ಚುವುದು ಎಲ್ಲೆಡೆಯಲ್ಲಿಯೂ ನಡೆದಿದೆ. ಕಾಯಿದೆಯ ಕಣ್ಣಿನಲ್ಲಿ ಅದು ಅಪಾಯಕಾರಿ ತ್ಯಾಜ್ಯ. 2016ರ ನಿಯಮಾವಳಿ ಅದನ್ನು ಹಾಗೆಂದೇ ಎಣಿಸಿದ್ದು, ಎಣ್ಣೆ ತಯಾರಿಸುವವರು ಬಳಸಿದ ಎಣ್ಣೆಯ ಮರುಶುದ್ಧೀಕರಣದ ಹೊಣೆಯನ್ನೂ ಹೊರಬೇಕೆಂಬ ವಿಧಿ 2024ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. ಹಳೆಯ ಎಣ್ಣೆ ಶುದ್ಧೀಕರಣದಿಂದ ಮತ್ತೆ ಎಣ್ಣೆಯಾಗಬಲ್ಲದು. ಬಾವಿಯ ನೀರಿಗೆ ಸೇರಿದುದು ಮತ್ತೆ ನೀರಾಗಲಾರದು.

ಒಟ್ಟಿನಲ್ಲಿ, ಒಂದು ಪಿಕಪ್ಪಿನ ಹೊಟ್ಟೆಗೆ ಹಿಡಿಯುವ ಆರೇಳು ಲೀಟರ್ ಎಣ್ಣೆಯ ಬೆಲೆ, ಒಂದು ಟರ್ಬೊವಿನ ಬೆಲೆಯ ಮುಂದೆ ಅಲ್ಪವಾದುದು. ಕೆಟ್ಟುನಿಂತ ಗಾಡಿಯಿಂದ ತಪ್ಪಿಹೋದ ಬಾಡಿಗೆಗಳ ಮುಂದೆ ಇನ್ನೂ ಅಲ್ಪ. ಗಾಡಿಯನ್ನು ಅನ್ನದ ದಾರಿಯಾಗಿ ಮಾಡಿಕೊಂಡವರು ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿ ಒಂದು ಚಿಕ್ಕ ಪುಸ್ತಕವನ್ನಿಟ್ಟು, ಎಣ್ಣೆ ಬದಲಿಸಿದ ದಿನ, ಮೀಟರಿನ ಅಂಕಿ, ಎಣ್ಣೆಯ ದರ್ಜೆ, ಇಷ್ಟನ್ನು ಬರೆದಿಡಲಿ. ಸರ್ವೀಸ್ ಪುಸ್ತಕದಲ್ಲಿ ಕಠಿನ ಬಳಕೆಯ ಪುಟವನ್ನು ಹುಡುಕಿ ಓದಲಿ. ನಮ್ಮ ರಸ್ತೆಗಳಲ್ಲಿ ಭಾರ ಹೊರುವ ಟರ್ಬೊ ಪಿಕಪ್ಪಿಗೆ ಸಲ್ಲುವುದು ಆ ಪುಟವೇ.